ಸ್ಟ್ರಾಬೆರಿ ಗಿಡಗಳ ಆರೈಕೆ: ಚಳಿಗಾಲದಿಂದ ಮುಂದಿನ ಹಂಗಾಮಿನವರೆಗೆ

(ದೇಸೂರ ಭಾಗದ ರೈತರಿಗಾಗಿ ಮಾಡಿದ ಭಾಷಣದ ಪಠ್ಯ)

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿರುವ ದೇಸೂರ ಮತ್ತು ಅದರ ಸುತ್ತಲಿನ ಊರುಗಳು ಮೊದಲಿನಿಂದಲೂ ಭತ್ತದ ಸೀಮೆ. ತಗ್ಗಿನ ಗದ್ದೆಗಳಲ್ಲಿ ಭತ್ತ, ಎತ್ತರದ ಮಸಾರಿ ಹೊಲಗಳಲ್ಲಿ ಬಟಾಟೆ, ಗೆಣಸು, ನೀರಿದ್ದಲ್ಲಿ ಕಾಯಿಪಲ್ಲೆ ಈ ಭಾಗದ ರೂಢಿಯ ಬೆಳೆಗಳು. ಈಚಿನ ವರ್ಷಗಳಲ್ಲಿ ಬೆಳಗಾವಿ ಜಿಲ್ಲೆಯ ಕೆಲವು ರೈತರು ಸ್ಟ್ರಾಬೆರಿಯನ್ನೂ ಬೆಳೆದು ನೋಡಿದ್ದಾರೆ. ಅಕ್ಟೋಬರದಲ್ಲಿ ಸಸಿ ತಂದು ನೆಟ್ಟರೆ ಡಿಸೆಂಬರದ ಹೊತ್ತಿಗೆ ಹಣ್ಣು ಕೈಗೆ ಬರುತ್ತದೆ. ಮಾರ್ಚವರೆಗೆ ಕೊಯ್ಲು ನಡೆಯುತ್ತದೆ. ತೊಂದರೆ ಶುರುವಾಗುವುದು ಆ ಮೇಲೆ. ಬೇಸಿಗೆಯಲ್ಲಿ ಗಿಡ ಬಾಡುತ್ತದೆ, ಉಳಿದವು ಆಷಾಢದ ಮಳೆಯಲ್ಲಿ ಕೊಳೆಯುತ್ತವೆ. ಮತ್ತೆ ಅಕ್ಟೋಬರ ಬಂದಾಗ ಸಸಿಗಾಗಿ ಪುನಃ ಹಣ ಸುರಿಯಬೇಕು. ಈ ಬೆಳೆಯ ಖರ್ಚಿನಲ್ಲಿ ಸಸಿಯ ಬೆಲೆಯದೇ ದೊಡ್ಡ ಪಾಲು. ಆದ್ದರಿಂದ ಈ ವರ್ಷದ ಗಿಡದಿಂದ ಮುಂದಿನ ವರ್ಷದ ಸಸಿ ಪಡೆಯುವುದು ಹೇಗೆ ಎಂಬುದನ್ನು ತಿಳಿದ ರೈತನಿಗೇ ಈ ಬೆಳೆ ಲಾಭ ತರುತ್ತದೆ.

ಯುರೋಪ, ಅಮೇರಿಕದ ಚಳಿದೇಶಗಳಲ್ಲಿ ಸ್ಟ್ರಾಬೆರಿಗೆ ಚಳಿಗಾಲವೇ ಕಷ್ಟದ ಕಾಲ. ಅಲ್ಲಿ ನೆಲ ಹೆಪ್ಪುಗಟ್ಟುತ್ತದೆ. ಗಿಡ ನಿದ್ರೆಗೆ ಹೋಗುತ್ತದೆ. ಅದರ ಮೇಲೆ ಮೂರು ನಾಲ್ಕು ಅಂಗುಲ ಹುಲ್ಲು ಹೊದಿಸಿ ಕಾಪಾಡಿ, ವಸಂತದಲ್ಲಿ ಹುಲ್ಲು ಸರಿಸುತ್ತಾರೆ. ಆ ದೇಶದ ಪುಸ್ತಕ ನೋಡಿ ದೇಸೂರಿನಲ್ಲಿ ಗಿಡವನ್ನು ಹುಲ್ಲಿನಿಂದ ಮುಚ್ಚಿದರೆ ಗಿಡ ಕೊಳೆಯುತ್ತದೆ. ಇಲ್ಲಿ ಚಳಿಗಾಲವೆಂದರೆ ಗಿಡ ಹೂ ಬಿಟ್ಟು ಹಣ್ಣು ಕೊಡುವ ಕಾಲ. ಗಿಡಕ್ಕೆ ನಿಜವಾದ ಪರೀಕ್ಷೆ ಏಪ್ರಿಲ-ಮೇ ತಿಂಗಳ ಬಿಸಿಲು ಮತ್ತು ಜೂನದಿಂದ ಸೆಪ್ಟೆಂಬರವರೆಗಿನ ಮಳೆ. ಬೆಳಗಾವಿಯಲ್ಲಿ ವರ್ಷಕ್ಕೆ 1,200 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಖಾನಾಪುರ, ಜಾಂಬೋಟಿ, ಕಣಕುಂಬಿಯ ಕಡೆಗೆ ಹೋದಂತೆ ಅದು ಇನ್ನೂ ಹೆಚ್ಚುತ್ತದೆ.

ಮಳೆ ಹೆಚ್ಚಿದ್ದರೆ ಸ್ಟ್ರಾಬೆರಿ ಸಾಧ್ಯವೇ ಇಲ್ಲ ಎಂದೇನೂ ಅಲ್ಲ. ಕೊಲ್ಲಾಪುರ, ಸಾತಾರಾ ದಾಟಿದರೆ ಸಿಗುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಆದರೂ ದೇಶದ ಸ್ಟ್ರಾಬೆರಿಯ ಬಹುಪಾಲು ಬರುವುದು ಅಲ್ಲಿಂದ ಮತ್ತು ಪಕ್ಕದ ಪಂಚಗಣಿಯಿಂದ. ಅಲ್ಲಿಯ ಹಣ್ಣಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಅಲ್ಲಿಯ ರೈತರು ಹಣ್ಣಿನ ಹೊಲವನ್ನು ಮಳೆಯಲ್ಲಿ ಉಳಿಸಲು ಹೆಣಗುವುದಿಲ್ಲ. ತಾಯಿಗಿಡಗಳನ್ನು ಬೇರೆಯಾಗಿ ಕಾಯ್ದು, ಅವುಗಳಿಂದ ಮರಿಗಿಡ ಪಡೆದು, ಮಳೆ ಇಳಿದ ಮೇಲೆ ಹೊಸದಾಗಿ ನೆಡುತ್ತಾರೆ. ದೇಸೂರ ಭಾಗಕ್ಕೂ ಇದೇ ಸರಿಯಾದ ದಾರಿ.

ಗಿಡದ ಸ್ವಭಾವ

ಆರೈಕೆಗೆ ಮೊದಲು ಗಿಡದ ಸ್ವಭಾವ ತಿಳಿಯಬೇಕು. ಸ್ಟ್ರಾಬೆರಿ ನೆಲಕ್ಕೆ ಅಂಟಿಕೊಂಡು ಬೆಳೆಯುವ ಬಹುವಾರ್ಷಿಕ ಗಿಡ. ಎಲೆ, ಹೂವು, ಬೇರು ಎಲ್ಲವೂ ನೆಲಮಟ್ಟದಲ್ಲಿರುವ ಒಂದು ಗಿಡ್ಡ ಕಾಂಡದಿಂದ ಹೊರಡುತ್ತವೆ. ಇದನ್ನು ಗಿಡದ ನೆತ್ತಿ ಎನ್ನಬಹುದು. ನೆತ್ತಿ ಉಳಿದರೆ ಗಿಡ ಉಳಿಯಿತು, ನೆತ್ತಿ ಕೊಳೆತರೆ ಗಿಡ ಹೋಯಿತು. ಬೇರುಗಳ ಹೆಚ್ಚಿನ ಭಾಗ ಮೇಲಿನ ಅರ್ಧ ಅಡಿ ಮಣ್ಣಿನಲ್ಲಿಯೇ ಇರುತ್ತದೆ. ಆದ್ದರಿಂದ ಮಣ್ಣು ಒಣಗಿದರೂ ತಾಳದು, ನೀರು ನಿಂತರೂ ತಾಳದು.

ದಿನ ಚಿಕ್ಕದಾಗಿ ರಾತ್ರಿ ತಂಪಾದಾಗ ಗಿಡದಲ್ಲಿ ಹೂಮೊಗ್ಗು ಮೂಡುತ್ತದೆ. ಡಿಸೆಂಬರ-ಜನವರಿಯಲ್ಲಿ ಬೆಳಗಾವಿಯ ರಾತ್ರಿ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಇದು ಸ್ಟ್ರಾಬೆರಿಗೆ ಹೇಳಿ ಮಾಡಿಸಿದ ಹವೆ. ದಿನ ದೊಡ್ಡದಾಗಿ ಸೆಕೆ ಏರಿದಾಗ ಹೂವು ನಿಂತು, ನೆತ್ತಿಯಿಂದ ಉದ್ದನೆಯ ಹಬ್ಬುಬಳ್ಳಿಗಳು ಹೊರಟು, ಅವುಗಳ ಗೆಣ್ಣಿನಲ್ಲಿ ಮರಿಗಿಡಗಳು ಹುಟ್ಟುತ್ತವೆ. ಅಂದರೆ ಚಳಿಯಲ್ಲಿ ಹಣ್ಣು, ಸೆಕೆಯಲ್ಲಿ ಮರಿ. ಈ ಎರಡು ಕೆಲಸಗಳನ್ನು ಒಂದೇ ಗಿಡದಿಂದ ಒಂದೇ ಕಾಲಕ್ಕೆ ಮಾಡಿಸಲು ಹೋದರೆ ಎರಡೂ ಕೆಡುತ್ತವೆ.

ತಳಿಯ ವಿಷಯದಲ್ಲೂ ಎಚ್ಚರ ಬೇಕು. ಹೆಚ್ಚು ಚಳಿ ಬೇಡುವ ತಳಿ ಇಲ್ಲಿ ಹೂ ಬಿಡುವುದಿಲ್ಲ. ಅಮೇರಿಕದ ಫ್ಲೋರಿಡಾದಲ್ಲಿ ಬೆಳೆಸಿದ ಸ್ವೀಟ್ ಚಾರ್ಲಿ, ವಿಂಟರ್ ಡಾನ್ ಮತ್ತು ಕ್ಯಾಲಿಫೋರ್ನಿಯಾದ ಕ್ಯಾಮರೋಸಾ ಮುಂತಾದವು ಮೃದು ಚಳಿಯ ಪ್ರದೇಶಗಳಿಗೆಂದೇ ಬಂದ ತಳಿಗಳು. ಇಂತಹವನ್ನೇ ಆರಿಸಬೇಕು.

ನವೆಂಬರದಿಂದ ಫೆಬ್ರುವರಿ: ಹಣ್ಣಿನ ಕಾಲದ ಆರೈಕೆ

ನೆಟ್ಟ ಮೊದಲ ಮೂರು ನಾಲ್ಕು ವಾರಗಳಲ್ಲಿ ಸಣ್ಣ ಗಿಡದಲ್ಲಿ ಬಂದ ಹೂಗಳನ್ನು ಚಿವುಟಿ ಹಾಕಬೇಕು. ಹೂ ಕೀಳಲು ಮನಸ್ಸು ಬರುವುದಿಲ್ಲ. ಆದರೆ ಎಲೆ ಬೆಳೆಯದ ಗಿಡ ಒಂದೆರಡು ಹಣ್ಣು ಕೊಟ್ಟು ಸೊರಗುತ್ತದೆ. ಐದಾರು ಒಳ್ಳೆಯ ಎಲೆ ಬಂದ ಮೇಲೆ ಬರುವ ಹೂಗಳನ್ನು ಬಿಡಬಹುದು. ಹಣ್ಣಿನ ಗಿಡದಲ್ಲಿ ಹಬ್ಬುಬಳ್ಳಿ ಬಂದರೆ ಅದನ್ನೂ ಬುಡದಲ್ಲಿ ಕತ್ತರಿಸಬೇಕು.

ಮಡಿಗೆ ಹೊದಿಕೆ ಅವಶ್ಯ. ಪ್ಲಾಸ್ಟಿಕ್ ಹೊದಿಕೆ ಹಾಳೆ ಹಾಸಿದ್ದರೆ ಸರಿ. ಇಲ್ಲವಾದರೆ ಭತ್ತದ ಹುಲ್ಲು ಈ ಭಾಗದಲ್ಲಿ ಪ್ರತಿ ಮನೆಯ ಬಣವೆಯಲ್ಲಿ ಇದೆ. ಚೆನ್ನಾಗಿ ಒಣಗಿದ, ಕಳೆಬೀಜವಿಲ್ಲದ ಹುಲ್ಲನ್ನು ಸಾಲಿನ ನಡುವೆ ಮತ್ತು ಎಲೆಗಳ ಕೆಳಗೆ ಎರಡು ಅಂಗುಲ ದಪ್ಪ ಹರಡಬೇಕು. ನೆತ್ತಿಯ ಸುತ್ತ ಅಂಗೈ ಅಗಲದಷ್ಟು ಜಾಗ ತೆರೆದಿರಬೇಕು. ಹೊದಿಕೆಯಿಂದ ಹಣ್ಣು ಮಣ್ಣಿಗೆ ತಾಗುವುದಿಲ್ಲ, ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ. ಮಸಾರಿ ನೆಲದಲ್ಲಿ ಗೆದ್ದಲು ಹತ್ತುವ ಸಂಭವವಿರುವುದರಿಂದ ವಾರಕ್ಕೊಮ್ಮೆ ಹುಲ್ಲನ್ನು ಎತ್ತಿ ನೋಡಬೇಕು.

ನೀರನ್ನು ಹನಿ ನೀರಾವರಿಯಿಂದ ಸ್ವಲ್ಪ ಸ್ವಲ್ಪವಾಗಿ ಬೆಳಿಗ್ಗೆ ಕೊಡುವುದು ಉತ್ತಮ. ಸಂಜೆ ಎಲೆಗಳ ಮೇಲೆ ನೀರು ಹಾರಿಸಿದರೆ ರಾತ್ರಿಯೆಲ್ಲ ಹಸಿ ಉಳಿದು ಹಣ್ಣಿಗೆ ಬೂದು ಬಣ್ಣದ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಹಣ್ಣನ್ನು ಮಡಿಯಲ್ಲಿ ಬಿಡಬಾರದು. ಒಳ್ಳೆಯ ಹಣ್ಣು ಕೊಯ್ದ ಮೇಲೆ ಬೇರೆ ಬುಟ್ಟಿಯಲ್ಲಿ ಕೊಳೆತವನ್ನು ಆರಿಸಿ ಹೊಲದ ಹೊರಗೆ ಹುಗಿಯಬೇಕು. ಒಂದು ಕೊಳೆತ ಹಣ್ಣು ಇಡೀ ಸಾಲಿಗೆ ರೋಗ ಹರಡಲು ಸಾಕು.

ಸ್ಟ್ರಾಬೆರಿ ಉಪ್ಪಿನ ಅಂಶವನ್ನು ಸಹಿಸದು. ಮಣ್ಣು ಮತ್ತು ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ ಗೊಬ್ಬರ ನಿರ್ಧರಿಸಬೇಕು. ಪೊಟ್ಯಾಷ್ ಕೊಡುವಾಗ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬದಲು ಸಲ್ಫೇಟ್ ರೂಪದ್ದನ್ನು ಬಳಸುವುದು ಒಳ್ಳೆಯದು. ಯೂರಿಯಾ ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಹಣ್ಣು ಮೆತ್ತಗಾಗುತ್ತದೆ, ಕೀಟ ಮತ್ತು ಬೂಷ್ಟಿಗೆ ದಾರಿಯಾಗುತ್ತದೆ.

ಫೆಬ್ರುವರಿಯ ಒಣಹವೆ ಬಂದೊಡನೆ ಎಲೆಯ ಕೆಳಭಾಗದಲ್ಲಿ ಜೇಡನುಸಿ ಕಾಣಿಸಿಕೊಳ್ಳುತ್ತದೆ. ಎಲೆ ಕಂದಾಗಿ ಸಣ್ಣ ಬಲೆ ಕಂಡರೆ ಆ ಎಲೆಗಳನ್ನು ಕಿತ್ತು ಹೊರಗೆ ಹಾಕಬೇಕು. ಔಷಧಿ ಬೇಕೆನಿಸಿದರೆ ತೋಟಗಾರಿಕೆ ಅಧಿಕಾರಿಗಳ ಸಲಹೆ ಪಡೆದೇ ಹೊಡೆಯಬೇಕು. ಈ ಹಣ್ಣನ್ನು ಎರಡು ದಿನಕ್ಕೊಮ್ಮೆ ಕೊಯ್ಯಬೇಕಾಗುತ್ತದೆ, ಜನ ಸಿಪ್ಪೆ ಸುಲಿಯದೆ ತಿನ್ನುತ್ತಾರೆ. ಆದ್ದರಿಂದ ಔಷಧಿಯ ಚೀಟಿಯಲ್ಲಿ ಬರೆದ ಕಾಯುವ ದಿನಗಳನ್ನು ಮೀರಬಾರದು. ಜೇನುಹುಳುಗಳು ಹೂವಿನ ಮೇಲೆ ಓಡಾಡುವ ಹೊತ್ತಿನಲ್ಲಂತೂ ಸಿಂಪಡಿಸಲೇಬಾರದು. ಹುಳುಗಳು ಸರಿಯಾಗಿ ಬಾರದ ಹೂವಿನಿಂದ ಸೊಟ್ಟ ಹಣ್ಣು ಬರುತ್ತದೆ.

ಹಣ್ಣನ್ನು ಬೆಳಗಿನ ತಂಪಿನಲ್ಲಿ ತೊಟ್ಟು ಸಮೇತ ಕೊಯ್ಯಬೇಕು. ಕೊಯ್ದ ಮೇಲೆ ಬಣ್ಣ ಏರಬಹುದು, ಸಿಹಿ ಏರುವುದಿಲ್ಲ. ಬೆಳಗಾವಿ ಪೇಟೆಗೆ ಅಂದೇ ಹೋಗುವ ಹಣ್ಣನ್ನು ಪೂರ್ಣ ಕೆಂಪಾದ ಮೇಲೆ, ದೂರ ಹೋಗುವುದನ್ನು ಮುಕ್ಕಾಲು ಕೆಂಪಾದಾಗ ಕೀಳಬೇಕು. ತೊಳೆಯದೆ ಆಳವಿಲ್ಲದ ಡಬ್ಬಿಯಲ್ಲಿ ಒಂದೆರಡು ಪದರ ಮಾತ್ರ ಇಡಬೇಕು.

ಜನವರಿ: ತಾಯಿಗಿಡ ಗುರುತಿಸುವ ಕಾಲ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಹಂಗಾಮು ಮುಗಿದು ಬೇಸಿಗೆಯಲ್ಲಿ ಸಾಯದೆ ಉಳಿದ ಗಿಡಗಳನ್ನೇ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಾರೆ. ಆ ಗಿಡ ಎಷ್ಟು ಹಣ್ಣು ಕೊಟ್ಟಿತ್ತು, ಹಣ್ಣಿನ ಆಕಾರ ಹೇಗಿತ್ತು ಎಂಬುದು ಆಗ ಯಾರಿಗೂ ನೆನಪಿರುವುದಿಲ್ಲ. ಚೆನ್ನಾಗಿ ಹಣ್ಣು ಕೊಟ್ಟು ದಣಿದ ಗಿಡ ಸತ್ತು, ಹಣ್ಣು ಕೊಡದೆ ಸೊಕ್ಕಿದ ಗಿಡವೇ ಉಳಿದಿರುವುದೂ ಉಂಟು. ಬಿತ್ತನೆಯ ಜೋಳಕ್ಕೆ ಒಳ್ಳೆಯ ತೆನೆಯನ್ನು ಹೊಲದಲ್ಲಿಯೇ ಆರಿಸುವಂತೆ, ತಾಯಿಗಿಡವನ್ನು ಹಣ್ಣು ತುಂಬಿರುವಾಗಲೇ ಆರಿಸಬೇಕು. ಜನವರಿಯಲ್ಲಿ ಸಾಲುಸಾಲು ನಡೆದು, ತಳಿಯ ಗುಣಕ್ಕೆ ತಕ್ಕ ಒಳ್ಳೆಯ ಹಣ್ಣು ಬಿಟ್ಟ, ಎಲೆ ಹಸಿರಾಗಿ ಅಗಲವಾಗಿರುವ ಗಿಡಗಳ ಬಳಿ ಬಣ್ಣದ ಬಟ್ಟೆ ಕಟ್ಟಿದ ಕಡ್ಡಿ ನೆಡಬೇಕು. ಎಲೆ ಮುದುರಿದ, ಅಂಚು ಹಳದಿಯಾದ, ಗಿಡ್ಡಾದ ಗಿಡ ಬೇಡ. ಅದರಲ್ಲಿ ನಂಜುರೋಗ ಇರಬಹುದು. ಅಕ್ಕಪಕ್ಕದಲ್ಲಿ ಗಿಡ ಸತ್ತ ಜಾಗದಿಂದಲೂ ತೆಗೆದುಕೊಳ್ಳಬಾರದು.

ಎಷ್ಟು ತಾಯಿಗಿಡ ಬೇಕು ಎಂಬ ಲೆಕ್ಕ ಸುಲಭ. ಒಂದಡಿ ಅಂತರದಲ್ಲಿ ಮಡಿಗೆ ಎರಡು ಸಾಲಿನಂತೆ ನೆಟ್ಟರೆ ಎಕರೆಗೆ ಸುಮಾರು 22,000 ಸಸಿ, ಅಂದರೆ ಗುಂಟೆಗೆ 550 ಸಸಿ ಬೇಕಾಗುತ್ತವೆ. ಐದು ಗುಂಟೆಗೆ 2,750. ಒಂದು ತಾಯಿಗಿಡದಿಂದ ನೆಡಲು ಯೋಗ್ಯವಾದ ಹತ್ತು ಮರಿ ಎಂದು ಕೈಬಿಗಿ ಹಿಡಿದು ಎಣಿಸಿದರೂ 275 ತಾಯಿಗಿಡ ಸಾಕು. ನಡುವೆ ಸಾಯುವುದನ್ನು ಲೆಕ್ಕ ಹಿಡಿದು 350 ಗುರುತಿಸಿದರೆ ಚಿಂತೆಯಿಲ್ಲ. ಹೊಲದ ಪ್ರತಿ ಎಂಟು ಗಿಡಕ್ಕೆ ಒಂದನ್ನು ಕಾಪಾಡಿದರೆ ಆಯಿತು. ಎಲ್ಲ ಗಿಡಗಳನ್ನೂ ಮಳೆಯಲ್ಲಿ ಉಳಿಸುವ ಗೋಜು ಬೇಕಿಲ್ಲ.

ಮಾರ್ಚದಿಂದ ಮೇ: ಬಿಸಿಲಿನಿಂದ ರಕ್ಷಣೆ

ಮಾರ್ಚ ಮೊದಲ ವಾರದಲ್ಲಿ ಗುರುತಿಸಿದ ಗಿಡಗಳ ಹೂ, ಹಣ್ಣು, ಒಣ ಎಲೆಗಳನ್ನು ತೆಗೆಯಬೇಕು. ಸಂಜೆ ಹೊತ್ತು ಮಣ್ಣಿನ ಹೆಂಟೆ ಸಮೇತ ಎತ್ತಿ, ಬೇರೆ ಮಡಿಯಲ್ಲಿ ಮೂರಡಿಗೊಂದರಂತೆ ನೆಡಬೇಕು. ಈ ಮಡಿಗೆ ಮನೆಯ ಹತ್ತಿರದ, ನೀರು ನಿಲ್ಲದ ಎತ್ತರದ ಜಾಗ ಬೇಕು. ಹಿಂದಿನ ವರ್ಷ ಬಟಾಟೆ, ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆದ ನೆಲ ಬೇಡ. ಈ ಬೆಳೆಗಳ ಸೊರಗು ರೋಗ ಸ್ಟ್ರಾಬೆರಿಗೂ ತಗಲುತ್ತದೆ. ಕಬ್ಬಿಗೆ ಗೊಣ್ಣೆಹುಳು ಬಿದ್ದಿದ್ದ ನೆಲವನ್ನೂ ಬಿಡಬೇಕು. ಗೊಣ್ಣೆಹುಳು ಬೇರು ತಿಂದ ಗಿಡವನ್ನು ಕೈಯಿಂದ ಎಳೆದರೆ ಹಾಗೆಯೇ ಎದ್ದು ಬರುತ್ತದೆ.

ತಾಯಿಗಿಡದ ಮಡಿಗೆ ಅರ್ಧ ಬಿಸಿಲು ತಡೆಯುವ ನೆರಳು ಪರದೆಯನ್ನು ಆಳೆತ್ತರದಲ್ಲಿ ಕಟ್ಟಬೇಕು. ತೆಂಗಿನ ಗರಿಯ ಚಪ್ಪರವೂ ಆಗುತ್ತದೆ. ಪೂರ್ತಿ ಕತ್ತಲೆ ಮಾಡಿದರೆ ಬಳ್ಳಿ ಸಣಕಲಾಗುತ್ತದೆ. ಪ್ಲಾಸ್ಟಿಕ್ ಹಾಳೆ ಬೇಸಿಗೆಯಲ್ಲಿ ಕಾದು ನೆತ್ತಿಯನ್ನು ಸುಡುವುದರಿಂದ ಇಲ್ಲಿ ಹುಲ್ಲೇ ಹಿತ. ಹೂ ಬಂದಂತೆಲ್ಲ ಚಿವುಟುತ್ತಿರಬೇಕು. ಏಪ್ರಿಲ-ಮೇದಲ್ಲಿ ಹಬ್ಬುಬಳ್ಳಿಗಳು ಹೊರಡತೊಡಗುತ್ತವೆ.

ಇತ್ತ ಹಣ್ಣಿನ ಹೊಲದಲ್ಲಿ ಕೊಯ್ಲು ಮುಗಿದೊಡನೆ ಉಳಿದ ಗಿಡಗಳನ್ನೆಲ್ಲ ಕಿತ್ತು ತೆಗೆಯಬೇಕು. ಅವನ್ನು ಹಾಗೆಯೇ ಬಿಟ್ಟರೆ ರೋಗ ಕೀಟಗಳಿಗೆ ತವರುಮನೆಯಾಗುತ್ತವೆ. ನೆಲವನ್ನು ಹದವಾಗಿ ತೋಯಿಸಿ, ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚು ಮಣ್ಣಿನಿಂದ ಮುಚ್ಚಿ ಐದಾರು ವಾರ ಬಿಟ್ಟರೆ ಬಿಸಿಲ ಕಾವಿಗೆ ಅನೇಕ ರೋಗಾಣು ಮತ್ತು ಕಳೆಬೀಜಗಳು ಸಾಯುತ್ತವೆ. ಮೃಗಶಿರ ಮಳೆಗೆ ಸೆಣಬು ಬಿತ್ತಿ, ಹೂ ಬರುವ ಮುನ್ನ ಮಣ್ಣಿನಲ್ಲಿ ಸೇರಿಸಿದರೆ ಹಸಿರೆಲೆ ಗೊಬ್ಬರವೂ ಆಯಿತು.

ಜೂನದಿಂದ ಸೆಪ್ಟೆಂಬರ: ಮಳೆಯಿಂದ ರಕ್ಷಣೆ, ಮರಿಗಿಡ ತಯಾರಿ

ಮೃಗಶಿರ ಹೂಡುವ ಮೊದಲೇ ಮೂರು ಕೆಲಸ ಮುಗಿದಿರಬೇಕು. ಮಡಿಯನ್ನು ಒಂದಡಿ ಎತ್ತರ ಏರಿಸಿರಬೇಕು. ಸುತ್ತಲೂ ಮಡಿಗಿಂತ ಆಳದ ಬಸಿಗಾಲುವೆ ತೋಡಿ ಇಳಿಜಾರಿನ ಕಡೆಗೆ ಬಾಯಿ ಬಿಟ್ಟಿರಬೇಕು. ಬಿದಿರಿನ ಕಮಾನು ಕಟ್ಟಿ ಮೇಲೆ ಪಾರದರ್ಶಕ ಪಾಲಿಥೀನ್ ಹೊದಿಸಿರಬೇಕು. ಈ ಮಾಡಿಗೆ ನಾಲ್ಕೂ ಬದಿ ಗಾಳಿ ಆಡಬೇಕು, ಮಳೆಯ ಹೊಡೆತ ಮಾತ್ರ ತಡೆಯಬೇಕು. ಬೇಸಿಗೆಯ ನೆರಳು ಪರದೆಯನ್ನು ಈಗ ತೆಗೆಯಬೇಕು. ಮೋಡದ ದಿನಗಳಲ್ಲಿ ಇರುವ ಬೆಳಕೇ ಕಡಿಮೆ. ನೆತ್ತಿಯ ಸುತ್ತಲಿನ ಹುಲ್ಲನ್ನೂ ಸರಿಸಬೇಕು. ಬೇಸಿಗೆಯಲ್ಲಿ ಗಿಡ ಕಾಯ್ದ ಹುಲ್ಲು ಮಳೆಗಾಲದಲ್ಲಿ ಕೊಳೆ ತರುತ್ತದೆ.

ಮರಿಗಿಡಗಳನ್ನು ನೆಲದಲ್ಲಿ ಬೇರೂರಲು ಬಿಡುವ ಬದಲು ಸಣ್ಣ ಪಾಲಿಥೀನ್ ಚೀಲಗಳಲ್ಲಿ ಬೇರೂರಿಸುವುದು ಲೇಸು. ಕೆಮ್ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಮಪಾಲು ಬೆರೆಸಿ, ಟ್ರೈಕೋಡರ್ಮಾ ಸೇರಿಸಿ, ತಳದಲ್ಲಿ ತೂತು ಮಾಡಿದ ಚೀಲಗಳಿಗೆ ತುಂಬಬೇಕು. ಬಳ್ಳಿಯ ತುದಿಯ ಮರಿಯನ್ನು ಚೀಲದ ಮಣ್ಣಿನ ಮೇಲೆ ಇಟ್ಟು, ಬಾಗಿಸಿದ ತಂತಿಯಿಂದ ಇಲ್ಲವೆ ಸಣ್ಣ ಕಲ್ಲಿನಿಂದ ಒತ್ತಿಡಬೇಕು. ಮರಿಯ ನೆತ್ತಿಯನ್ನು ಹೂಳಬಾರದು. ಬೇರು ಬರುವವರೆಗೆ ತಾಯಿಗಿಡ ಬಳ್ಳಿಯ ಮೂಲಕ ಅದಕ್ಕೆ ಉಣಿಸುತ್ತದೆ. ಮೂರು ನಾಲ್ಕು ವಾರಗಳ ಮೇಲೆ ಮರಿಯನ್ನು ಮೆಲ್ಲಗೆ ಜಗ್ಗಿದಾಗ ಗಟ್ಟಿಯಾಗಿ ನಿಂತರೆ ಬಳ್ಳಿ ಕತ್ತರಿಸಬಹುದು. ಒಂದು ಬಳ್ಳಿಯಲ್ಲಿ ಮೊದಲ ಎರಡು ಮೂರು ಮರಿ ಇಟ್ಟುಕೊಂಡು ತುದಿಯ ಸಣ್ಣ ಮರಿಗಳನ್ನು ಚಿವುಟಬೇಕು. ಬೇರ್ಪಡಿಸಿದ ಚೀಲಗಳನ್ನು ನೆಲದ ಮೇಲೆ ಇಡದೆ ಮಾಡಿನ ಕೆಳಗೆ ಬಿದಿರಿನ ಅಟ್ಟಣಿಗೆಯ ಮೇಲೆ ಇಟ್ಟರೆ ಮಣ್ಣಿನ ಸಿಡಿತ ತಪ್ಪುತ್ತದೆ.

ಮಳೆಗಾಲದ ದೊಡ್ಡ ಶತ್ರು ನೆತ್ತಿಕೊಳೆ. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನ ಜೋತು ಬೀಳುತ್ತದೆ. ರೈತ ನೀರು ಸಾಲದೆಂದು ನೀರು ಹಾಕುತ್ತಾನೆ, ಗಿಡ ಇನ್ನಷ್ಟು ಬೇಗ ಸಾಯುತ್ತದೆ. ಮಣ್ಣು ಹಸಿಯಾಗಿದ್ದೂ ಗಿಡ ಬಾಡಿದರೆ ಅದನ್ನು ಕಿತ್ತು, ನೆತ್ತಿಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಬೇಕು. ಆರೋಗ್ಯದ ನೆತ್ತಿಯ ಒಳಗೆ ಬಿಳಿಯಾಗಿರುತ್ತದೆ. ಕಂದು ಅಥವಾ ಕೆಂಗಂದು ಬಣ್ಣ ಕಂಡರೆ ಕೊಳೆರೋಗ. ಅಂತಹ ಗಿಡ, ಅದರ ಬಳ್ಳಿ, ಮರಿ ಎಲ್ಲವನ್ನೂ ತೆಗೆದು ದೂರ ಒಯ್ದು ನಾಶ ಮಾಡಬೇಕು. ಹತ್ತು ಗಿಡ ಹೋದುವೆಂದು ಮರುಗಿ ಉಳಿಸಿಕೊಂಡರೆ ನೂರು ಗಿಡ ಹೋಗುತ್ತವೆ. ಎಲೆ ಒದ್ದೆ ಇರುವಾಗ ಮಡಿಯಲ್ಲಿ ಕೆಲಸ ಮಾಡಬಾರದು. ಕೈ ಮತ್ತು ಕತ್ತರಿಯಿಂದ ರೋಗ ಹರಡುತ್ತದೆ.

ಸೆಪ್ಟೆಂಬರ ಕೊನೆ: ಹೊಸ ನಾಟಿ

ಉತ್ತರಿ ಮಳೆಯ ಹೊತ್ತಿಗೆ ಹಣ್ಣಿನ ಹೊಲ ಸಿದ್ಧಗೊಳಿಸಿ, ಹಸ್ತದ ಮಳೆಯ ಜೋರು ಇಳಿದೊಡನೆ ನೆಡಬೇಕು. ಗುಂಟೆಗೆ 250 ಕಿಲೋಗ್ರಾಮಿನಷ್ಟು ಕಳಿತ ತಿಪ್ಪೆಗೊಬ್ಬರ ಸೇರಿಸಿ ಮಡಿ ಏರಿಸಬೇಕು. ಸಸಿಯ ನೆತ್ತಿಯ ಅರ್ಧ ಭಾಗ ಮಣ್ಣಿನಲ್ಲಿ, ಅರ್ಧ ಮೇಲೆ ಇರುವಂತೆ ನೆಡಬೇಕು. ಆಳಕ್ಕಿಳಿದರೆ ಕೊಳೆಯುತ್ತದೆ, ಮೇಲಾದರೆ ಬೇರು ಒಣಗುತ್ತದೆ. ನಾಟಿ ನವೆಂಬರದ ಆಚೆಗೆ ಹೋದರೆ ಹಣ್ಣಿನ ಕಾಲ ಕಡಿಮೆಯಾಗುತ್ತದೆ. ಮಾರ್ಚದ ಸೆಕೆ ಯಾರಿಗಾಗಿಯೂ ಕಾಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದೇ ಮೂಲದ ಗಿಡಗಳನ್ನು ವರ್ಷಾನುಗಟ್ಟಲೆ ಮುಂದುವರಿಸಲಾಗದು. ಸಸ್ಯಹೇನುಗಳ ಮೂಲಕ ನಂಜುರೋಗಗಳು ಸೇರುತ್ತಾ ಹೋಗಿ ಎಲೆ ಸಣ್ಣದಾಗಿ ಹಣ್ಣು ಕುಗ್ಗುತ್ತದೆ. ಎರಡು ಮೂರು ಹಂಗಾಮಿಗೊಮ್ಮೆ ನಂಬಿಕೆಯ ಮೂಲದಿಂದ ರೋಗರಹಿತ ತಾಯಿಗಿಡಗಳನ್ನು ತರಬೇಕು. ಆಗಲೂ ಇಡೀ ಹೊಲಕ್ಕೆ ಸಸಿ ಕೊಳ್ಳಬೇಕಿಲ್ಲ. ಮೇಲೆ ಹೇಳಿದ ಲೆಕ್ಕದಂತೆ ಐದು ಗುಂಟೆಗೆ ಮುನ್ನೂರರಷ್ಟು ತಾಯಿಗಿಡ ತಂದು ತಾವೇ ಮರಿ ಮಾಡಿಕೊಳ್ಳಬಹುದು.

ತಿಂಗಳವಾರು ಕೆಲಸಗಳು

ನವೆಂಬರ–ಡಿಸೆಂಬರ: ಮೊದಲ ಹೂ ಚಿವುಟುವುದು, ಹೊದಿಕೆ, ಹನಿ ನೀರು.
ಜನವರಿ: ಕೊಯ್ಲು, ತಾಯಿಗಿಡಕ್ಕೆ ಗುರುತಿನ ಕಡ್ಡಿ.
ಫೆಬ್ರುವರಿ: ಜೇಡನುಸಿಯ ಮೇಲೆ ಕಣ್ಣು.
ಮಾರ್ಚ: ತಾಯಿಗಿಡಗಳ ಸ್ಥಳಾಂತರ, ನೆರಳು.
ಏಪ್ರಿಲ–ಮೇ: ಹಳೆಯ ಹೊಲ ಸ್ವಚ್ಛ ಮಾಡಿ ಹಾಳೆ ಹೊದಿಸುವುದು, ಎತ್ತರದ ಮಡಿ, ಬಸಿಗಾಲುವೆ, ಮಾಡು.
ಜೂನ–ಆಗಸ್ಟ: ಚೀಲಗಳಲ್ಲಿ ಮರಿಗಿಡ, ಕೊಳೆತವನ್ನು ತೆಗೆಯುವುದು.
ಸೆಪ್ಟೆಂಬರ–ಅಕ್ಟೋಬರ: ಮಡಿ ತಯಾರಿ, ನಾಟಿ.

ರೈತ ಬಾಂಧವರೇ, ಹೊಸದಾಗಿ ಕೈಹಾಕುವವರು ಒಮ್ಮೆಲೇ ಎಕರೆಗಟ್ಟಲೆ ನೆಡಬಾರದು. ಒಂದೆರಡು ಗುಂಟೆಯಿಂದ ಆರಂಭಿಸಿ, ಒಂದು ಮಳೆಗಾಲ ಗಿಡ ಉಳಿಸಿ ನೋಡಬೇಕು. ಚಳಿಗಾಲದಲ್ಲಿ ಹಣ್ಣು ಕೊಯ್ಯುವುದು ಯಾರಿಗಾದರೂ ಬರುತ್ತದೆ. ಆಗಸ್ಟದ ಸುರಿಮಳೆಯಲ್ಲಿ ತನ್ನ ಮಾಡಿನ ಕೆಳಗೆ ಐನೂರು ಗಟ್ಟಿ ಸಸಿಗಳನ್ನು ಎಣಿಸಬಲ್ಲ ರೈತ ಮಾತ್ರ ಮರುವರ್ಷ ಬೇಸಾಯ ಹೆಚ್ಚಿಸಬಹುದು. ಹೆಚ್ಚಿನ ಮಾಹಿತಿಗೆ ಹತ್ತಿರದ ತೋಟಗಾರಿಕೆ ಇಲಾಖೆಯ ಕಚೇರಿ, ಕೃಷಿ ವಿಜ್ಞಾನ ಕೇಂದ್ರ ಇಲ್ಲವೆ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದ ತಜ್ಞರನ್ನು ಕಾಣಬಹುದು. ಹೋಗುವಾಗ ಮಣ್ಣಿನ ಮಾದರಿ ಮತ್ತು ಒಂದು ರೋಗದ ಗಿಡವನ್ನು ಬೇರು ಸಮೇತ ಚೀಲದಲ್ಲಿ ಕಟ್ಟಿಕೊಂಡು ಹೋದರೆ ಸಲಹೆ ಸರಿಯಾಗಿ ದೊರೆಯುತ್ತದೆ.